ಮಿಸ್ಟರ್ ಸರ್ಫೇಸರ್ 1500: ರೆಸಿನ್ ಬೊಂಬೆಗಳ ಮೇಲೆ ಮೂರು ವರ್ಷ

ಜಪಾನಿನ ಜಿಎಸ್‌ಐ ಕ್ರಿಯೋಸ್ ಕಂಪನಿ ತಯಾರಿಸುವ ಮಿಸ್ಟರ್ ಸರ್ಫೇಸರ್ 1500 ಎಂಬ ಬೂದು ಪ್ರೈಮರನ್ನು, ಅಂದರೆ ಬಣ್ಣಕ್ಕೆ ಮೊದಲು ಕೊಡುವ ತಳಲೇಪವನ್ನು, ಮೂರು ವರ್ಷಗಳಿಂದ ರೆಸಿನ್ ಬೊಂಬೆಗಳಿಗೆ ಬಳಸುತ್ತಿದ್ದೇನೆ. ಹೆಚ್ಚಿನವು ಮನೆಯ 3ಡಿ ಪ್ರಿಂಟರಿನಲ್ಲೇ ಮುದ್ರಿಸಿದ 32 ಮಿ.ಮೀ. ಅಳತೆಯ ಬೊಂಬೆಗಳು, ಕೆಲವು ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಯುರೆಥೇನ್ ರೆಸಿನ್ನಿನವು. ಈವರೆಗೆ 40 ಮಿ.ಲೀ.ನ ಐದು ಶೀಸೆಗಳು ಖಾಲಿಯಾಗಿವೆ.

ಇದಕ್ಕೂ ಮೊದಲು ನೀರಿನಲ್ಲಿ ತೆಳುವಾಗಿಸುವ ಅಕ್ರಿಲಿಕ್-ಪಾಲಿಯುರೆಥೇನ್ ಪ್ರೈಮರ್ ಒಂದನ್ನು ಹಚ್ಚುತ್ತಿದ್ದೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿರಲಿಲ್ಲ, ಕುಂಚದಿಂದಲೂ ಬಳಿಯಬಹುದಿತ್ತು. ಆದರೆ ಪ್ರೈಮರ್ ಬಿದ್ದ ಮೇಲಷ್ಟೇ ಕಣ್ಣಿಗೆ ಕಾಣುವ ಮುದ್ರಣದ ಪದರಗೆರೆಗಳನ್ನು ಎಮರಿಯಿಂದ ತಿಕ್ಕಹೊರಟರೆ, ಆ ಲೇಪ ರಬ್ಬರಿನಂತೆ ಸುರುಳಿಯಾಗಿ ಎದ್ದುಬರುತ್ತಿತ್ತು. ಸರ್ಫೇಸರ್ ಲ್ಯಾಕರ್ ಜಾತಿಯದು, ಅಂದರೆ ನೀರಿನ ಬದಲು ತೀಕ್ಷ್ಣ ದ್ರಾವಕದಲ್ಲಿ ಕರಗಿಸಿದ್ದು. ಬೇಗ ಒಣಗುತ್ತದೆ, ತಿಕ್ಕಿದರೆ ನಯವಾದ ಪುಡಿಯಾಗಿ ಉದುರುತ್ತದೆ, ತಿಕ್ಕಿದ ಜಾಗದ ಅಂಚೂ ಕಾಣುವುದಿಲ್ಲ. ನಾನು ಇದಕ್ಕೆ ಅಂಟಿಕೊಂಡಿರುವುದು ಮುಖ್ಯವಾಗಿ ಈ ಒಂದು ಗುಣಕ್ಕಾಗಿ.

ಈ ಸಾಲಿನಲ್ಲಿ 500, 1000, 1200, 1500 ಎಂಬ ದರ್ಜೆಗಳಿದ್ದು, ಸಂಖ್ಯೆ ಏರಿದಂತೆ ಕಣ ನಯವಾಗುತ್ತದೆ. ಗೀರು ತುಂಬಲು 500 ಚೆನ್ನ. ಹೆಸರುಕಾಳಿನಷ್ಟು ಮುಖದಲ್ಲಿ ರೆಪ್ಪೆಯ ಗೆರೆ ಉಳಿಯಬೇಕಾದರೆ 1500ನ್ನೇ ಹಿಡಿಯಬೇಕು. ಒಂದು ಪಾಲು ಪ್ರೈಮರಿಗೆ ಎರಡು ಪಾಲು ಲೆವೆಲಿಂಗ್ ಥಿನ್ನರ್ (ತೆಳುವಾಗಿಸುವ ದ್ರಾವಕ) ಬೆರೆಸಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ 0.3 ಮಿ.ಮೀ. ನಳಿಕೆಯ ಏರ್‌ಬ್ರಶ್‌ನಲ್ಲಿ, 18 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಎರಡು ಮೂರು ತೆಳು ಲೇಪ ಕೊಡುತ್ತೇನೆ. ಹೀಗಾಗಿ ಪ್ರೈಮರಿಗಿಂತ ಥಿನ್ನರಿಗೇ ಹೆಚ್ಚು ಹಣ ಹೋಗುತ್ತದೆ.

ಲ್ಯಾಕರ್ ಎಲ್ಲದಕ್ಕೂ ಕಚ್ಚಿಕೊಳ್ಳುತ್ತದೆ ಎಂಬ ಮಾತನ್ನು ರೆಸಿನ್ ವಿಷಯದಲ್ಲಿ ಪೂರ್ತಿ ನಂಬಬಾರದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಅದರ ದ್ರಾವಕ ತುಸು ಕರಗಿಸಿ ಹಿಡಿದುಕೊಳ್ಳುತ್ತದೆ. ಗಟ್ಟಿಯಾದ ಪ್ರಿಂಟರ್ ರೆಸಿನ್ ಹಾಗೆ ಕರಗುವುದಿಲ್ಲವಾದ್ದರಿಂದ, ಹಿಡಿತವೆಲ್ಲ ಮೇಲ್ಮೈ ಎಷ್ಟು ಶುಚಿಯಾಗಿದೆ ಎಂಬುದರ ಮೇಲೆ ನಿಂತಿದೆ. ಎರಕದ ಬೊಂಬೆಗಳಿಗೆ ಅಚ್ಚು ಬಿಡಿಸುವ ಜಿಡ್ಡು ಮೆತ್ತಿರುತ್ತದೆ, ಅವನ್ನು ಪಾತ್ರೆ ತೊಳೆಯುವ ಸೋಪಿನ ಬೆಚ್ಚನೆ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜುತ್ತೇನೆ. ಮುದ್ರಿಸಿದವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಬಾರಿ ತೊಳೆದು, ಪೂರ್ತಿ ಆರಿದ ಮೇಲೆಯೇ, ರೆಸಿನ್ ಗಟ್ಟಿಯಾಗಲೆಂದು, 405 ನ್ಯಾನೋಮೀಟರ್ ತರಂಗಾಂತರದ ಬೆಳಕಿನಡಿ ಇಡುತ್ತೇನೆ. ಒಮ್ಮೆ ಒಳಗೆ ಟೊಳ್ಳಿದ್ದ ಡ್ರ್ಯಾಗನ್ ಒಂದಕ್ಕೆ ಒಳಗಿನ ದ್ರವ ರೆಸಿನ್ ಹೊರಹೋಗುವ ಸೋರುರಂಧ್ರ ಬಿಡುವುದನ್ನೇ ಮರೆತಿದ್ದೆ. ನಾಲ್ಕು ತಿಂಗಳ ನಂತರ, ಬಣ್ಣವೆಲ್ಲ ಮುಗಿದು ಕಪಾಟಿನಲ್ಲಿ ಕುಳಿತಿದ್ದ ಅದರ ಹೊಟ್ಟೆ ಬಿರಿದು, ಒಳಗುಳಿದಿದ್ದ ಹಸಿ ರೆಸಿನ್ ಜಿನುಗತೊಡಗಿತು. ಅಂಥದ್ದನ್ನು ಯಾವ ಪ್ರೈಮರೂ ತಡೆಯಲಾರದು.

ನಾನಿರುವುದು ಮಂಗಳೂರಿನಲ್ಲಿ. ದ್ರಾವಕ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕೂರುವುದರಿಂದ ಮಳೆಗಾಲದಲ್ಲಿ ಲ್ಯಾಕರ್ ಲೇಪ ಬೆಳ್ಳಗಾಗುವ ಸಂಭವವಿದೆ. ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರ್ ಇದನ್ನು ಬಹಳಮಟ್ಟಿಗೆ ತಗ್ಗಿಸುತ್ತದೆ. ಆದರೂ ಜಡಿಮಳೆಯ ದಿನ ನಾನು ಏರ್‌ಬ್ರಶ್ ಮುಟ್ಟುವುದಿಲ್ಲ.

ವಾಸನೆ ಮಾತ್ರ ತೀಕ್ಷ್ಣ. ಮೊದಲ ಸಲ ಬಾಲ್ಕನಿಯಲ್ಲಿ ಸಿಂಪಡಿಸಿದಾಗ ಗ್ಯಾಸ್ ಸೋರುತ್ತಿದೆಯೇನೋ ಎಂದು ಮೇಲಿನ ಮನೆಯವರು ಗಾಬರಿಯಿಂದ ಬಂದು ಬಾಗಿಲು ತಟ್ಟಿದ್ದರು. ಸಾವಯವ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಮತ್ತು ಗಾಳಿಯನ್ನು ಹೊರದೂಡುವ ಫ್ಯಾನ್ ಇಲ್ಲದವರು, ಅದರಲ್ಲೂ ಮನೆಯಲ್ಲಿ ಮಕ್ಕಳಿರುವವರು, ನೀರಿನ ಪ್ರೈಮರನ್ನೇ ಬಳಸಿ ಪದರಗೆರೆಗಳನ್ನು ಮೊದಲೇ ತಿಕ್ಕಿಕೊಳ್ಳುವುದು ಮೇಲು.

ಶೀಸೆಯ ಬಾಯಿಯನ್ನು ಪ್ರತಿ ಸಲವೂ ಥಿನ್ನರ್ ಬಟ್ಟೆಯಿಂದ ಒರೆಸಿ ಮುಚ್ಚಬೇಕು. ಒರೆಸದೆ ಮುಚ್ಚಿಟ್ಟ ಎರಡನೆಯ ಶೀಸೆಯನ್ನು ತೆರೆಯಲು ನನಗೆ ಇಕ್ಕಳವೇ ಬೇಕಾಯಿತು.