ಅರ್ಧಕ್ಕೆ ನಿಂತ ಓಪನ್ ಮೈನರ್: ಆನ್‌ಲೈನಿಗೋ, ಬ್ರೋಕರಿಗೋ, ಗುಜರಿಗೋ, ಗುರುತಿನವರಿಗೋ?

ಬಿಚ್ಚಿಟ್ಟ ಹಳೇ ಕಾರನ್ನು ಮಾರುವುದಿದ್ದರೆ, ಅದೇ ಕಾರಿನ ಹುಚ್ಚು ಹಿಡಿದ ಇನ್ನೊಬ್ಬರನ್ನು ಹುಡುಕಿ ಮಾರಿ. ಆನ್‌ಲೈನ್ ಜಾಹೀರಾತು, ಬ್ರೋಕರ್, ಗುಜರಿ ಎಲ್ಲ ಸುತ್ತಿ ಏಳು ತಿಂಗಳು ಕಳೆದ ಮೇಲೆ ನಾನು ಬಂದು ನಿಂತದ್ದು ಅಲ್ಲಿಗೇ. ಮೊದಲೇ ಅಲ್ಲಿಗೆ ಹೋಗಿದ್ದರೆ ಏಳು ತಿಂಗಳ ಬಾಡಿಗೆ ಉಳಿಯುತ್ತಿತ್ತು.

ಕಾರು 1955ರ ಮಾರಿಸ್ ಮೈನರ್, ಹುಡ್ ಅಂದರೆ ತಲೆ ಮೇಲಿನ ಬಟ್ಟೆಯ ಹೊದಿಕೆ ಮಡಚುವಂಥದ್ದು. ಕಂಪನಿಯವರು ಮೊದಲು ಟೂರರ್ ಅಂತಿದ್ದರು, ಆಮೇಲೆ ಕನ್ವರ್ಟಿಬಲ್ ಅಂದರು. ನಮ್ಮ ಗ್ಯಾರೇಜುಗಳಲ್ಲಿ ಅದು 'ಓಪನ್ ಮೈನರ್', ಅಷ್ಟೇ. ನಾಲ್ಕು ವರ್ಷದ ಹಿಂದೆ 1.6 ಲಕ್ಷಕ್ಕೆ ತಂದು, ಕೆಂಗೇರಿ ಹತ್ತಿರ ಒಂದು ಶೆಡ್ಡಿನಲ್ಲಿ ಬಿಚ್ಚಿ ಹಾಕಿದ್ದೆ. ಬಾಡಿಗೆ ತಿಂಗಳಿಗೆ 4,000. ಒಂದು ಭಾನುವಾರ ಸುಮ್ನೆ ಲೆಕ್ಕ ಹಾಕಿದೆ. ಬಾಡಿಗೆಯೇ 1.92 ಲಕ್ಷ ಆಗಿತ್ತು, ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಅವತ್ತೇ ಮಾರುವುದು ಅಂತ ತೀರ್ಮಾನಿಸಿದೆ. 'ಮುಗಿಸಿಯೇ ಮಾರು' ಅಂತ ಸಲಹೆ ಕೊಟ್ಟವರಿದ್ದರು. ಅವರ್ಯಾರೂ ಶೆಡ್ ನೋಡಿದವರಲ್ಲ.

ಕೆಲಸ ನಿಂತದ್ದು ಬಾಗಿಲಿನಿಂದ. ಮೈನರ್‌ಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಹೊರಬೇಕು. ಓಪನ್ ಕಾರಿಗೆ ತಲೆ ಮೇಲೆ ತಗಡೂ ಇಲ್ಲ, ಹಾಗಾಗಿ ಭಾರವೆಲ್ಲ ನೆಲದ ತಗಡಿಗೆ ಮತ್ತು ಬಾಗಿಲ ಕೆಳಗಿನ ಸಿಲ್‌ಗೆ ಬೀಳುತ್ತದೆ. ತುಕ್ಕು ಹಿಡಿದ ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿಕೊಳ್ಳಬೇಕು. ನನ್ನ ವೆಲ್ಡರ್ ಮಾಡಿಕೊಳ್ಳಲಿಲ್ಲ. ನಾನೂ ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಸಂಜೆ ಹೊತ್ತಿಗೆ ಬಾಡಿ ನಡುವೆ ತಗ್ಗಿತು. ಡ್ರೈವರ್ ಕಡೆಯ ಬಾಗಿಲ ಸಂದಿಯಲ್ಲಿ ಕೆಳಗೆ ಬೆರಳು ತೂರುತ್ತಿತ್ತು, ಮೇಲೆ ಹಾಳೆಯೂ ತೂರುತ್ತಿರಲಿಲ್ಲ. ಅಲ್ಲಿಂದ ಆ ಬಾಗಿಲು ಮುಚ್ಚಲೇ ಇಲ್ಲ.

ಮೊದಲು ಆನ್‌ಲೈನ್. ಮೂರು ಲಕ್ಷ ಅಂತ ಹಾಕಿದೆ. ಫೋನು ಬಂದದ್ದೇ ಬಂದದ್ದು. 'ಲಾಸ್ಟ್ ಎಷ್ಟು ಸಾರ್?' 'ಮೈಲೇಜ್ ಎಷ್ಟು ಕೊಡುತ್ತೆ?' ಎಂಜಿನ್ ಗೋಣಿಚೀಲ ಹೊದ್ದು ಮೇಜಿನ ಮೇಲೆ ಕೂತಿದೆ, ಮೈಲೇಜ್ ಎಲ್ಲಿಂದ ಹೇಳಲಿ? ಒಬ್ಬರು ಬುಲೆಟ್ ಕೊಡುತ್ತೇನೆ, ಅದಲು ಬದಲು ಮಾಡೋಣ ಅಂದರು. ಇನ್ನೊಬ್ಬರಿಗೆ ಮುಂದಿನ ತಿಂಗಳ ಮದುವೆ ಫೋಟೋಶೂಟಿಗೆ ಬೇಕಿತ್ತು. ನಿಜವಾಗಿ ಶೆಡ್ಡಿನವರೆಗೆ ಬಂದವರು ಮೂವರೇ. ಆ ಮೂವರೂ ಆರ್‌ಸಿ ಕೇಳಿದ ಮೇಲೆ ಮತ್ತೆ ಫೋನ್ ಎತ್ತಲಿಲ್ಲ.

ಈ ಆರ್‌ಸಿ ಕಥೆ ಸ್ವಲ್ಪ ಉದ್ದ. ನಂಬರು 'ಎಂವೈ' ಅಂತ ಶುರುವಾಗುತ್ತದೆ, ಮೈಸೂರು ರಾಜ್ಯ ಅಂತ ಇದ್ದ ಕಾಲದ್ದು. ನೋಡಿದವರಿಗೆಲ್ಲ ಅದರ ಮೇಲೇ ಕಣ್ಣು. ಆದರೆ ಆರ್‌ಸಿ ಇದ್ದದ್ದು ನನಗೆ ಮಾರಿದ ಹಿರಿಯರ ಹೆಸರಿನಲ್ಲಿ. ಮಾಲೀಕರ ಹೆಸರು ಬದಲಿಸಲು ಬೇಕಾದ ಫಾರಂ 29, ಫಾರಂ 30 ಅವರು ಸಹಿ ಹಾಕಿ ಕೊಟ್ಟು ನನ್ನ ಬೀರುವಿನಲ್ಲಿದ್ದವು. ಕಾರು ಓಡುವ ಹಾಗಾಗಲಿ, ಆಮೇಲೆ ಹೆಸರು ಬದಲಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು.

ತೀರಿಕೊಂಡವರ ಸಹಿ ಇಟ್ಟುಕೊಂಡು ಏನೂ ಮಾಡುವ ಹಾಗಿಲ್ಲ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಬೇಕು. ಅವರ ಮನೆಯವರು ಒಳ್ಳೆಯವರು, ಆದರೆ ಒಬ್ಬ ಮಗ ದುಬೈನಲ್ಲಿ. ಅವರು ರಜೆಗೆ ಊರಿಗೆ ಬರುವವರೆಗೆ ಕಾದದ್ದಾಯಿತು. ಆರ್‌ಸಿ ಮೊದಲು ಆ ಮಗನ ತಾಯಿಯ, ಅಂದರೆ ಹಿರಿಯರ ಹೆಂಡತಿಯ ಹೆಸರಿಗೆ, ಆಮೇಲೆ ಅಲ್ಲಿಂದ ಕೊಳ್ಳುವವರ ಹೆಸರಿಗೆ ಮತ್ತೆ 29, 30. ಪುಣ್ಯಕ್ಕೆ ಹಿರಿಯರು ರಿಜಿಸ್ಟ್ರೇಶನ್ ನವೀಕರಿಸಿಟ್ಟಿದ್ದರು, ಇನ್ನೂ ಸ್ವಲ್ಪ ಅವಧಿ ಉಳಿದಿತ್ತು.

ಇಷ್ಟಾದರೂ ಮುಗಿಯಲಿಲ್ಲ. ಹೊಗೆ ತಪಾಸಣೆ ಸರ್ಟಿಫಿಕೇಟ್ ಎಲ್ಲಿ ಅಂತ ಆರ್‌ಟಿಒದವರು ಕೇಳಿದರು. ಎಂಜಿನ್ ಮೇಜಿನ ಮೇಲಿದ್ದರೆ ಹೊಗೆ ಎಲ್ಲಿಂದ ಬರಬೇಕು? 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮ ಇದೆಯಲ್ಲ ಅಂತ ಕೆಲವರು ಹೇಳಿದರು. ಅದರಡಿ ಹೊಸದಾಗಿ ರಿಜಿಸ್ಟ್ರೇಶನ್ ಮಾಡಿಸಲು 20,000 ಶುಲ್ಕ, ಹತ್ತು ವರ್ಷ ನಡೆಯುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಮತ್ತು ಬಿಡಿ ಭಾಗಗಳ ರಾಶಿಗೆ ಅದು ಅನ್ವಯಿಸುವುದೂ ಇಲ್ಲ.

ಬ್ರೋಕರ್ ಇದಕ್ಕೆಲ್ಲ ಒಂದೇ ಮಾತಿನಲ್ಲಿ ಪರಿಹಾರ ಕೊಟ್ಟರು. 1.2 ಲಕ್ಷ ಕೈಗೆ, ನಾಳೆಯೇ ಟ್ರಕ್, ಪೇಪರ್ ನಾನು ನೋಡಿಕೊಳ್ಳುತ್ತೇನೆ, ಆ ತಾಯಿಯ ಕೈಲಿ ಖಾಲಿ ಫಾರಂಗೆ ಸಹಿ ಹಾಕಿಸಿಕೊಡಿ ಸಾಕು. ಕಾರಿನ ಸುತ್ತ ಒಂದು ಸುತ್ತೂ ಬರಲಿಲ್ಲ. ಆಸೆ ಆಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾಳೆ ಯಾರೋ ಇದನ್ನು ಯಾರಿಗೋ ಗುದ್ದಿದರೆ ಎಪ್ಪತ್ತು ದಾಟಿದ ಆ ಅಮ್ಮ ಕೋರ್ಟಿಗೆ ಅಲೆಯಬೇಕಾ? ಬೇಡ ಅಂದೆ.

ಗುಜರಿಯದ್ದು ಹೇಳುವಷ್ಟಿಲ್ಲ. ಶಿವಾಜಿನಗರದಲ್ಲಿ ಕೇಳಿದೆ, ತೂಕದ ಲೆಕ್ಕದಲ್ಲಿ ಕಾರಿನ ತಗಡಿಗೆ ಬಂದ ಬೆಲೆ ನಾನು ಹೊಸದಾಗಿ ಹಾಕಿಸಿದ್ದ ಟೈರಿಗಿಂತ ಕಮ್ಮಿ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ ಅನ್ನುತ್ತಾರೆ, ನಿಜವೇ. ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಒಂದೇ ವಾರದಲ್ಲಿ 6,000ಕ್ಕೆ ಹೋಯಿತು. ಒಳ್ಳೆಯ ಭಾಗಗಳು ಹೋದ ಮೇಲೆ ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ ಅಂತ ಆಗ ಹೊಳೆದು ನಿಲ್ಲಿಸಿದೆ.

ಕೊನೆಗೆ ಜೆಸಿ ರಸ್ತೆಯಲ್ಲಿ ನನಗೆ ಬೇರಿಂಗ್ ಕೊಡುತ್ತಿದ್ದ ಅಂಗಡಿಯವರ ಹತ್ತಿರ ಗೋಳು ಹೇಳಿಕೊಂಡೆ. ಅವರು ಒಂದು ನಂಬರ್ ಕೊಟ್ಟರು. ಸಕಲೇಶಪುರದ ಕಡೆಯ ತೋಟದವರು, ಅವರ ಮನೆಯಲ್ಲಿ ಎರಡು ಬಾಗಿಲ ಮೈನರ್ ಸಲೂನ್, ಅಂದರೆ ತಲೆ ಮೇಲೆ ತಗಡಿರುವ ಕಾರು, ಇದೆ, ಅದನ್ನು ಓಡಿಸುತ್ತಾರೆ. ಫೋನಿನಲ್ಲಿ ಬೆಲೆ ಕೇಳಲಿಲ್ಲ. 'ಚಾಸಿಸ್ ನಂಬರಿನ ಮೊದಲ ಎರಡಕ್ಷರ ಏನು?' ಅಂದರು. ಎಫ್‌ಸಿ ಅಂದೆ. 'ಸರಿ, ಶನಿವಾರ ಬರ್ತೀನಿ.' ಆ ಕಾಲದ ಮೈನರ್‌ನಲ್ಲಿ 'ಸಿ' ಅಂದರೆ ಟೂರರ್, ಎರಡು ಬಾಗಿಲ ಸಲೂನ್ ಆದರೆ 'ಬಿ'. ಸಲೂನಿನ ತಲೆ ಕತ್ತರಿಸಿ ಓಪನ್ ಅಂತ ಮಾರುವವರು ಇದ್ದಾರೆ, ಅದಕ್ಕೇ ಆ ಪ್ರಶ್ನೆ.

ಶನಿವಾರ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಜ್ಯಾಕ್ ಹಿಡಿದು ಬಂದರು. ಸಿಲ್ ನಡುವೆ ಮರದ ತುಂಡು ಇಟ್ಟು ಜ್ಯಾಕ್ ಕೊಟ್ಟು, ಬಾಗಿಲ ಸಂದಿಗೆ ಕಣ್ಣಿಟ್ಟು ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋದರು. ಮೇಲಿನ ಸಂದಿ ನಿಧಾನಕ್ಕೆ ಬಿಟ್ಟುಕೊಂಡಿತು. ಬಾಗಿಲು ತಳ್ಳಿದರು. ಟಕ್ ಅಂತ ಕೂತಿತು. ಆ ಸದ್ದು ಕೇಳಿ ಒಂದೂವರೆ ವರ್ಷ ಆಗಿತ್ತು. ನನಗೆ ಮಾರುವುದೇ ಬೇಡ ಅನ್ನಿಸಿಬಿಟ್ಟಿತು, ಒಂದು ನಿಮಿಷ.

ಆಮೇಲೆ ಹುಡ್ ಫ್ರೇಮ್ ಕೇಳಿದರು. ಗೋಡೆಗೆ ನೇತು ಹಾಕಿದ್ದೆ. ಎರಡು ಸಲ ಬಿಚ್ಚಿ ಮಡಚಿದರು. 'ಇದು ಇದೆಯಲ್ಲ, ಸಾಕು. ಎಂಜಿನ್, ಬ್ರೇಕು, ಲೈಟು ಎಲ್ಲ ಸಲೂನಿನದ್ದೇ ಆಗುತ್ತೆ, ಮುಂದಿನ ಗ್ಲಾಸ್ ಎರಡು ಚಪ್ಪಟೆ ತುಂಡು, ಯಾವ ಗಾಜಿನಂಗಡಿಯವನಾದರೂ ಕತ್ತರಿಸಿ ಕೊಡ್ತಾನೆ. ಇದು ಮಾತ್ರ ಎಲ್ಲೂ ಸಿಗಲ್ಲ.' ಆನ್‌ಲೈನಿನ ಅಷ್ಟು ಜನರಲ್ಲಿ ಒಬ್ಬರೂ ಹುಡ್ ಫ್ರೇಮ್ ಬಗ್ಗೆ ಕೇಳಿರಲಿಲ್ಲ.

ಮಾತು 2.1 ಲಕ್ಷಕ್ಕೆ ನಿಂತಿತು. ಕಾರ್ಬುರೇಟರ್ ಮಾರಿದ್ದಕ್ಕೆ 10,000 ಹಿಡಿದುಕೊಂಡರು, 6,000ಕ್ಕೆ ಮಾರಿದ್ದು! 50,000 ಮುಂಗಡ ಕೊಟ್ಟು, ಪೇಪರ್ ಆಗುವವರೆಗೆ ಶೆಡ್ ಬಾಡಿಗೆಯಲ್ಲಿ ಅರ್ಧ ತಾವೇ ಕೊಟ್ಟರು.

ಲೆಕ್ಕಕ್ಕೆ ನನಗೆ ನಷ್ಟವೇ. ತಾಳ್ಮೆಯಿಂದ ದಿನಾ ಫೋನ್ ಎತ್ತುವವರಿಗೆ, ಸ್ವಂತ ಜಾಗ ಇರುವವರಿಗೆ, ಆರ್‌ಸಿ ಸ್ವಂತ ಹೆಸರಿನಲ್ಲೇ ಇರುವವರಿಗೆ ಆನ್‌ಲೈನಿನಲ್ಲಿ ಇನ್ನೂ ಐವತ್ತು ಸಾವಿರ ಜಾಸ್ತಿ ಸಿಕ್ಕರೂ ಸಿಗಬಹುದು. ನಾನು ಗುರುತಿಲ್ಲದ ನಂಬರ್ ಎತ್ತುವವನೇ ಅಲ್ಲ. ನನಗೆ ಬಾಡಿಗೆ ನಿಂತರೆ ಸಾಕಿತ್ತು.

ಹೊಗೆ ತಪಾಸಣೆ ಏನಾಯಿತು ಅಂತೀರಾ? ಕಾರು ಕೊಂಡವರೇ ತಮ್ಮ ಸಲೂನಿನ ಕಾರ್ಬುರೇಟರ್ ಬಿಚ್ಚಿ ತಂದರು. ಎರಡು ಭಾನುವಾರ ಕೂತು ಎಂಜಿನ್ ಕಾರಿನೊಳಗೆ ಕೂರಿಸಿದೆವು. ಸೀಟಿಲ್ಲ, ಹುಡ್ ಇಲ್ಲ, ಬಾಗಿಲಿಗೆ ಹಗ್ಗ ಕಟ್ಟಿ ಟ್ರಕ್ಕಿನ ಮೇಲೆ ಪೆಟ್ರೋಲ್ ಬಂಕಿಗೆ ಒಯ್ದೆವು. ತಪಾಸಣೆಯ ಹುಡುಗ ಕೊಳವೆ ತೂರಿಸುವ ಮುಂಚೆ ಮೊಬೈಲ್ ತೆಗೆದು ಒಂದು ಸೆಲ್ಫಿ ತೆಗೆದುಕೊಂಡ.