ಮುಂಗಡ ಬುಕ್ಕಿಂಗಿನ ಆಪೂಸು: ಹಣ್ಣಿಗೆ ಹೆಚ್ಚು ಅಂಕ, ಒಯ್ಯಲು ಬರುವವರಿಗೆ ಕಡಿಮೆ

ಧಾರವಾಡದ ಕಡೆಯ ತೋಟಗಳಿಂದ ಆಪೂಸು ಮಾವನ್ನು ಮುಂಗಡ ಬುಕ್ಕಿಂಗಿನ ಮೇಲೆ ಶಿವಮೊಗ್ಗಕ್ಕೆ ತರಿಸಿ, ಬಡಾವಣೆಗೊಂದು ಮನೆಯನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಹಂಚುವ ವ್ಯವಸ್ಥೆಯೊಂದು ಕೆಲವು ಬೇಸಿಗೆಗಳಿಂದ ನಡೆಯುತ್ತಿದೆ. ನಾನು ವಿನೋಬನಗರದ ಕಡೆಯ ಮನೆಯೊಂದರಿಂದ ಪೆಟ್ಟಿಗೆ ಒಯ್ಯುವವನು. ವ್ಯವಸ್ಥೆಯ ಹೆಸರನ್ನಾಗಲಿ ಆ ಮನೆಯ ಗುರುತನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅಂಗಡಿಯ ವಿಳಾಸವನ್ನು ನಾಲ್ಕು ಜನರಿಗೆ ಹೇಳಿದರೆ ಅಂಗಡಿಯವರಿಗೆ ಉಪಕಾರವಾಗುತ್ತದೆ, ಸಂಸಾರಸ್ಥರ ವಿಳಾಸವನ್ನು ಹಾಗೆ ಹಂಚಿದರೆ ಅವರ ಕರೆಗಂಟೆಗೆ ಬಿಡುವು ಇರುವುದಿಲ್ಲ. ಹಣ್ಣು, ದರ ಮತ್ತು ಹಂಚಿಕೆಯ ಬಗ್ಗೆ ಬರೆಯಬೇಕೆಂದು ಕುಳಿತವನಿಗೆ, ಈ ಮೂರಕ್ಕಿಂತ ಹೆಚ್ಚು ಬರೆಯಬೇಕಾದದ್ದು ಒಯ್ಯಲು ಬರುವ ನಮ್ಮ ನಡವಳಿಕೆಯ ವಿಚಾರವೆಂದು ತೋರಿತು.

ವ್ಯವಸ್ಥೆ ಸರಳವಾದದ್ದು. ಏಪ್ರಿಲ್ ನಡುವಿನ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬರುತ್ತದೆ. ಮೂರು ಕಿಲೋ ತೂಕದ ಪೆಟ್ಟಿಗೆ ಎಷ್ಟು ಬೇಕೆಂದು ಬರೆದು, ಹಣವನ್ನು ಮೊದಲೇ ಫೋನ್‌ಪೇ ಮಾಡಿದರೆ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಕಾಯಿ ಕೊಯ್ದು, ವಿಂಗಡಿಸಿ, ರಟ್ಟಿನ ಪೆಟ್ಟಿಗೆಗೆ ಹುಲ್ಲು ಹಾಸಿ ತುಂಬಿಕೊಂಡು ರಾತ್ರಿ ಹೊರಟ ವಾಹನ ಹಾವೇರಿ, ರಾಣೆಬೆನ್ನೂರು ದಾಟಿ ಬೆಳಗಿನ ಹೊತ್ತಿಗೆ ಇಲ್ಲಿಗೆ ತಲುಪುತ್ತದೆ. ಪೆಟ್ಟಿಗೆಗಳನ್ನು ಜಗಲಿಯಲ್ಲಿ ಇಳಿಸಿಕೊಂಡು, ಎಣಿಸಿ, ಹೆಸರಿನ ಚೀಟಿ ಅಂಟಿಸಿ, ಬಂದವರಿಗೆ ಕೊಟ್ಟು ಪಟ್ಟಿಯಲ್ಲಿ ಗುರುತು ಹಾಕುವ ಕೆಲಸವೆಲ್ಲ ಮನೆಯವರದ್ದು. ಇದಕ್ಕೆ ಪ್ರತಿಯಾಗಿ ಅವರಿಗೆ ಸಿಗುವುದು ಒಂದೆರಡು ಪೆಟ್ಟಿಗೆ ಹಣ್ಣು ಮಾತ್ರ.

ಹಣ್ಣಿನ ಬಗ್ಗೆ ದೂರಲು ನನಗೆ ಹೆಚ್ಚಿನ ಕಾರಣಗಳಿಲ್ಲ. ಒಂದೊಂದು ಕಾಯಿ ಇನ್ನೂರರಿಂದ ಇನ್ನೂರೈವತ್ತು ಗ್ರಾಮಿನ ಆಸುಪಾಸಿನಲ್ಲಿರುವುದರಿಂದ ಪೆಟ್ಟಿಗೆಗೆ ಹನ್ನೆರಡರಿಂದ ಹದಿನೈದು ಸಿಗುತ್ತವೆ. ಬರುವಾಗ ಅವು ದೋರೆಗಾಯಿಗಳಾಗಿರುತ್ತವೆ. ಮನೆಯಲ್ಲಿ ಹುಲ್ಲಿನ ನಡುವೆ ಅಡೆ ಹಾಕಿದರೆ ಕೆಲವು ದಿನಗಳಲ್ಲಿ ತೊಟ್ಟಿನ ಬಳಿಯಿಂದ ಪರಿಮಳ ಏಳತೊಡಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿದ್ದು, 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಮೀರದಂತೆ ಎಥಿಲೀನ್ ಅನಿಲ ಬಳಸಲು ಅವಕಾಶವಿದೆ. ಇವರು ಎರಡನ್ನೂ ಬಳಸದೆ ಕಾಯಿಯನ್ನೇ ಕೊಟ್ಟು, ಹಣ್ಣು ಮಾಡಿಕೊಳ್ಳುವ ಕೆಲಸವನ್ನು ನಮಗೆ ಬಿಡುತ್ತಾರೆ. ಇನ್ನೊಂದು ಮೆಚ್ಚಬೇಕಾದ ಸಂಗತಿಯಿದೆ. ಕೊಂಕಣದ ಆಪೂಸಿಗೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಅದು ರತ್ನಾಗಿರಿ, ಸಿಂಧುದುರ್ಗ ಮೊದಲಾದ ಜಿಲ್ಲೆಗಳ ಫಲಕ್ಕೆ ಮೀಸಲು. ಪೇಟೆಯಲ್ಲಿ ಯಾವ ಊರಿನ ಹಣ್ಣಿಗಾದರೂ ರತ್ನಾಗಿರಿಯ ಚೀಟಿ ಅಂಟಿಸುವ ಚಪಲ ಇನ್ನೂ ಹೋಗಿಲ್ಲದಿರುವಾಗ, ಇವರು ಪೆಟ್ಟಿಗೆಯ ಮೇಲೆ ಧಾರವಾಡವೆಂದೇ ಮುದ್ರಿಸಿದ್ದಾರೆ. ದರವು ಗಾಂಧಿ ಬಜಾರಿನ ಬಿಡಿ ಹಣ್ಣಿಗಿಂತ ತುಸು ಹೆಚ್ಚು, ರತ್ನಾಗಿರಿಯ ಹೆಸರಿನ ಪೆಟ್ಟಿಗೆಗಿಂತ ಸಾಕಷ್ಟು ಕಡಿಮೆ. ಹಣ್ಣಿಗೆ ಐದರಲ್ಲಿ ನಾಲ್ಕೂವರೆ ಅಂಕವನ್ನು ಧಾರಾಳವಾಗಿ ಕೊಡಬಹುದು.

ಇನ್ನು ಜಗಲಿಯ ವಿಚಾರ. ನಾನು ಕಂಡಂತೆ ಅತಿ ಹೆಚ್ಚು ಕಿರಿಕಿರಿ ಹುಟ್ಟಿಸುವುದು ಪೆಟ್ಟಿಗೆಗಳನ್ನು ಅಲ್ಲಿಯೇ ಬಿಚ್ಚಿ ಆರಿಸುವ ಚಾಳಿ. ತನ್ನ ಹೆಸರಿನ ಪೆಟ್ಟಿಗೆಯನ್ನು ತೆರೆದು, ಪಕ್ಕದ್ದನ್ನೂ ತೆರೆದು, ಅದರಲ್ಲಿನ ಎರಡು ದಪ್ಪ ಕಾಯಿಗಳನ್ನು ಇದಕ್ಕೆ ಹಾಕಿಕೊಂಡು, ಇದರ ಸಣ್ಣವನ್ನು ಅದಕ್ಕೆ ತುಂಬುವವರು ತಮ್ಮನ್ನು ಜಾಣ ಗ್ರಾಹಕರೆಂದು ತಿಳಿದಿರುತ್ತಾರೆ. ಪೆಟ್ಟಿಗೆಗಳು ತೋಟದಲ್ಲೇ ತೂಗಿ ತುಂಬಿದವುಗಳಾದ್ದರಿಂದ, ಹೀಗೆ ಬದಲಾಯಿಸಿದ ಕೂಡಲೇ ಸಂಜೆ ಬರುವ ಇನ್ನೊಬ್ಬರ ತೂಕ ಕಡಿಮೆಯಾಗುತ್ತದೆ, ಅವರು ಬಂದು ಕೇಳುವುದು ಮನೆಯವರನ್ನು. ಹೆಬ್ಬೆರಳಿನಿಂದ ಒತ್ತಿ ಮೆದುವಾಗಿದೆಯೇ ಎಂದು ನೋಡುವುದೂ ಇದೇ ಜಾತಿಯ ತಪ್ಪು. ದೋರೆಗಾಯಿಯನ್ನು ಒತ್ತಿದ ಜಾಗ ಆ ಹೊತ್ತಿಗೆ ಏನೂ ಆಗದಂತೆ ಕಂಡರೂ, ಹಣ್ಣಾಗುವಾಗ ಅಲ್ಲಿಯೇ ಕಪ್ಪಾಗಿ ಕೊಳೆಯಲು ಆರಂಭವಾಗುತ್ತದೆ. ಒತ್ತಿದವರು ಬೇರೆ, ಕೊಳೆತ ಹಣ್ಣು ತಿನ್ನುವವರು ಬೇರೆ. ತೊಟ್ಟು ಮುರಿದ ಕಾಯಿಯನ್ನು ಮಗುಚಿ ಇಟ್ಟರೆ ಸೊನೆ ಸುರಿದು ಉಜ್ಜಿದರೂ ಹೋಗದ ಕಲೆಯಾಗುತ್ತದೆ. ಆ ಮನೆಯ ಜಗಲಿಯ ಕೆಂಪು ನೆಲದ ಮೇಲೆ ಅಂಥ ಕಲೆಗಳು ಈಗಾಗಲೇ ಸಾಕಷ್ಟಿವೆ. ತನ್ನ ಹೆಸರಿನ ಚೀಟಿ ನೋಡಿ, ಪೆಟ್ಟಿಗೆಯ ತಳಕ್ಕೆ ಕೈ ಕೊಟ್ಟು ಎತ್ತಿಕೊಂಡು, ಬಿಚ್ಚುವುದನ್ನು ತನ್ನ ಮನೆಗೆ ಹೋಗಿ ಮಾಡುವುದು ಎಲ್ಲರಿಗೂ ಅನುಕೂಲ.

ಸಮಯದ ಮಾತು ಇದಕ್ಕೆ ಎರಡನೆಯದು. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಸಂಜೆ ಐದರಿಂದ ಎಂಟರವರೆಗೆ ಎಂದು ಪ್ರಕಟಣೆಯಲ್ಲಿ ಇರುತ್ತದೆ. ಆದರೂ ಮಧ್ಯಾಹ್ನ ಎರಡೂವರೆಗೆ, ಊಟ ಮುಗಿಸಿ ಹಿರಿಯರು ಕಣ್ಣು ಮುಚ್ಚಿದ ಹೊತ್ತಿಗೆ, ಕರೆಗಂಟೆ ಒತ್ತುವವರಿದ್ದಾರೆ. "ಇದೇ ದಾರಿಯಲ್ಲಿ ಹೋಗ್ತಿದ್ದೆ ಅಮ್ಮಾ, ಹಾಗೇ ತಗೊಂಡು ಹೋಗೋಣ ಅಂತ ಬಂದೆ" ಎಂಬ ಮಾತಿನಲ್ಲಿ ಬಂದವರ ಅನುಕೂಲವಿದೆ, ಬಾಗಿಲು ತೆರೆಯಲು ಎದ್ದು ಬಂದವರ ಅನುಕೂಲವಿಲ್ಲ. ಮಲೆನಾಡಿನ ಮನೆಯವರು ಬಾಗಿಲಿಗೆ ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಲಾರರು. ಅವರ ಈ ದಾಕ್ಷಿಣ್ಯ ಗೊತ್ತಿರುವುದರಿಂದಲೇ ಹೊತ್ತನ್ನು ಪಾಲಿಸುವ ಹೊಣೆ ನಮ್ಮ ಮೇಲೆ ಹೆಚ್ಚಾಗುತ್ತದೆ. ಮೇ ತಿಂಗಳಲ್ಲಿ ಸಂಜೆಯ ಹೊತ್ತು ಗುಡುಗು ಸಹಿತ ಮಳೆ ಬರುವುದು ನಮ್ಮ ಊರಿನಲ್ಲಿ ಹೊಸತಲ್ಲ, ಮಳೆಯ ಜೊತೆಗೆ ಕರೆಂಟು ಹೋಗುವುದೂ ಹೊಸತಲ್ಲ. ಆದ್ದರಿಂದ ಸಾಧ್ಯವಿದ್ದವರು ಬೆಳಗಿನ ಹೊತ್ತಿಗೇ ಹೋಗುವುದು ಒಳ್ಳೆಯದು. ತಡವಾಗುವುದಾದರೆ ಒಂದು ಸಂದೇಶ ಕಳಿಸಿದರೆ ಸಾಕು, ಅವರು ಕಾದು ಕೂರುವುದಾದರೂ ತಪ್ಪುತ್ತದೆ.

ಆ ದಿನ ಬರಲಾಗದವರು ಬೇರೆಯವರನ್ನು ಕಳಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಯಾರು ಬರುತ್ತಾರೆ, ಯಾರ ಹೆಸರಿನ ಎಷ್ಟು ಪೆಟ್ಟಿಗೆ ಎಂಬುದನ್ನು ಮೊದಲೇ ತಿಳಿಸಿರಬೇಕು. ಗುರುತಿಲ್ಲದ ಹುಡುಗನೊಬ್ಬ ಬಂದು "ಅಣ್ಣ ಹೇಳಿದ್ರು, ಕೊಡಿ" ಎಂದರೆ ಯಾವ ಅಣ್ಣನೆಂದು ಅವರು ಹೇಗೆ ತಿಳಿಯಬೇಕು? ಇನ್ನು "ನಾಳೆ ಬರ್ತೀನಿ, ಅಲ್ಲೀವರೆಗೆ ನಿಮ್ಮ ಫ್ರಿಜ್ಜಿನಲ್ಲಿಟ್ಟಿರಿ" ಎನ್ನುವವರಂತೂ ಎರಡು ರೀತಿಯಲ್ಲಿ ತಪ್ಪುತ್ತಾರೆ. ಮೂರು ಕಿಲೋ ಪೆಟ್ಟಿಗೆಗೆ ಜಾಗ ಮಾಡಲು ಆ ಮನೆಯಾಕೆ ತಮ್ಮ ಹಾಲು ಮೊಸರನ್ನು ಹೊರಗಿಡಬೇಕಾಗುತ್ತದೆ ಎಂಬುದು ಒಂದು. ಎರಡನೆಯದು, ಹಣ್ಣಾಗದ ಮಾವಿಗೆ ಚಳಿ ಒಗ್ಗುವುದಿಲ್ಲ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಕೆಲವು ದಿನ ಇಟ್ಟ ಕಾಯಿಯ ಸಿಪ್ಪೆ ಕಂದಿ, ಮುಂದೆ ಹೊರಗಿಟ್ಟರೂ ಅದು ಸರಿಯಾಗಿ ಹಣ್ಣಾಗುವುದಿಲ್ಲ. ಮನೆಯವರು ಮರುಮಾತಾಡದೆ ಹಾಗೆಯೇ ಇಟ್ಟು ಕೊಟ್ಟರೆ ಹಾಳಾಗುವುದು ಕೇಳಿದವರದ್ದೇ ಹಣ್ಣು.

ದೂರು ಹೇಳುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಆಪೂಸಿನಲ್ಲಿ ದೂರಿಗೆ ಕಾರಣ ಇದ್ದೇ ಇರುತ್ತದೆ. ಹೊರಗಿನಿಂದ ಬಂಗಾರದ ಬಣ್ಣಕ್ಕೆ ತಿರುಗಿ, ಪರಿಮಳ ತುಂಬಿಕೊಂಡ ಹಣ್ಣನ್ನು ಕೊಯ್ದಾಗ, ಗೊರಟಿನ ಸುತ್ತ ತಿರುಳು ಬಿಳಿಚಿಕೊಂಡು, ಸ್ಪಂಜಿನಂತೆ ಸಡಿಲವಾಗಿ, ಹುಳಿಯಾಗಿರುವುದು ಈ ತಳಿಯ ಹಳೆಯ ತೊಂದರೆ. ಅದು ರೋಗವಲ್ಲ, ಹುಳವೂ ಅಲ್ಲ. ಹಣ್ಣಿನ ಒಳಗೇ ನಡೆಯುವ ವ್ಯತ್ಯಾಸ. ಕಾಯಿ ಮುಕ್ಕಾಲು ಭಾಗ ಬಲಿತಾಗಲೇ ಕೊಯ್ದರೆ ಇದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಸಿಪ್ಪೆಯ ಮೇಲೆ ಇದರ ಸುಳಿವೇ ಸಿಗದಿರುವುದರಿಂದ, ತೋಟದವರು ಎಷ್ಟೇ ಕಣ್ಣಿಟ್ಟು ವಿಂಗಡಿಸಿದರೂ ಪೆಟ್ಟಿಗೆಯಲ್ಲಿ ಒಂದೆರಡು ಇಂಥವು ಬರಬಹುದು. ಹಾಗೆ ಬಂದಾಗ, ಕೊಯ್ದ ಹೋಳಿನ ಚಿತ್ರ ತೆಗೆದು ಬುಕ್ಕಿಂಗ್ ತೆಗೆದುಕೊಂಡವರಿಗೆ ಕಳಿಸುವುದು ಸರಿಯಾದ ಮಾರ್ಗ; ಹೀಗೆ ಕಳಿಸಿದವರಿಗೆ ಇವರು ಮುಂದಿನ ಸರದಿಯಲ್ಲಿ ಹಣ್ಣಿನ ಲೆಕ್ಕ ಸರಿಮಾಡಿ ಕೊಟ್ಟಿದ್ದಾರೆ. ಆದರೆ ಆ ಹೋಳುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಬಿಚ್ಚಿ, "ನೀವು ಕೊಟ್ಟ ಹಣ್ಣು ನೋಡಿ ಮಾರಾಯ್ರೆ" ಎಂದು ಮನೆಯವರ ಎದುರು ಹಿಡಿದದ್ದನ್ನು ನಾನು ಕಂಡಿದ್ದೇನೆ. ಅವರು ಬೆಳೆದವರಲ್ಲ, ಮಾರಿದವರಲ್ಲ, ನಮ್ಮ ಹಣ ಅವರ ಕೈಗೆ ಬಂದದ್ದೂ ಇಲ್ಲ. ಪೆಟ್ಟಿಗೆಯ ತೂಕದ ಮಾತೂ ಹೀಗೆಯೇ. ಕೊಯ್ದ ಕಾಯಿಯಿಂದ ತೇವಾಂಶ ಆರುತ್ತಲೇ ಇರುವುದರಿಂದ, ತೋಟದಲ್ಲಿ ಮೂರು ಕಿಲೋ ಇದ್ದದ್ದು ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಸ್ವಲ್ಪ ಕಡಿಮೆ ತೋರುವುದು ಸಹಜ. ಅಷ್ಟಕ್ಕೆ ಮೋಸ ಎಂಬ ದೊಡ್ಡ ಪದವನ್ನು ಗುಂಪಿನಲ್ಲಿ ಎಸೆಯುವ ಅಗತ್ಯವಿಲ್ಲ.

ಚೌಕಾಸಿಗೂ ಇದೇ ಉತ್ತರ. ಮೊದಲೇ ಹಣ ಕೊಟ್ಟು ಬಂದ ಮೇಲೆ ಎರಡು ಹಣ್ಣು ಹೆಚ್ಚಿಗೆ ಕೇಳುವುದು, ನಿಮಗೆಷ್ಟು ಕಮಿಷನ್ ಸಿಗುತ್ತದೆ ಎಂದು ವಿಚಾರಿಸುವುದು, ಬುಕ್ ಮಾಡದೆ ಬಂದು ಉಳಿದದ್ದೇನಾದರೂ ಇದ್ದರೆ ಕೊಡಿ ಎಂದು ನಿಂತುಬಿಡುವುದು, ಇವೆಲ್ಲ ಅವರನ್ನು ಮುಜುಗರಕ್ಕೆ ತಳ್ಳುವ ಕೆಲಸಗಳು.

ಆ ಅಡ್ಡರಸ್ತೆ ಕಿರಿದು. ಕಾರನ್ನು ಎದುರುಮನೆಯ ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಇಂಡಿಕೇಟರ್ ಮಿನುಗಿಸಿದರೆ ಎಲ್ಲ ಕ್ಷಮಿಸಲ್ಪಟ್ಟಂತೆ ಎಂದು ತಿಳಿಯುವವರಿಂದ ನೆರೆಹೊರೆಯ ಸಂಬಂಧವೇ ಕೆಡುತ್ತದೆ. ಮುಖ್ಯರಸ್ತೆಯಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಬಹುದು. ನಾಲ್ಕೈದು ಪೆಟ್ಟಿಗೆ ಇರುವವರು ಹೊರಲು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು, ಮನೆಯ ಯಜಮಾನರ ವಯಸ್ಸನ್ನು ನೋಡಿಯೂ ಅವರ ಕೈಗೆ ಪೆಟ್ಟಿಗೆ ಕೊಡುವುದು ಚೆಂದವಲ್ಲ. ಕುಡಿಯಲು ಏನು ಕೊಡಲಿ ಎಂದು ಅವರು ಕೇಳಿಯೇ ಕೇಳುತ್ತಾರೆ, ಅದು ಈ ಸೀಮೆಯ ಪದ್ಧತಿ. ಬೇರೆ ದಿನವಾದರೆ ಒಲ್ಲೆನೆನ್ನುವುದು ಬಿಗುಮಾನವಾಗುತ್ತಿತ್ತು. ಪೆಟ್ಟಿಗೆ ಹಂಚುವ ದಿನ ಮಾತ್ರ, ಹಿಂದೆ ಇನ್ನೂ ಮೂವತ್ತು ಜನ ಬರುವವರಿದ್ದಾರೆಂಬುದನ್ನು ನೆನೆದು, ಒಂದು ಲೋಟ ನೀರಿಗೆ ತೃಪ್ತರಾಗಿ ಹೊರಡುವುದೇ ಅವರಿಗೆ ಮಾಡುವ ಉಪಕಾರ. ಹರಟೆಗೆ ಇನ್ನೊಂದು ದಿನ ಹೋದರಾಯಿತು. ಅಂದು ಬೇಕಾದರೆ ಅಂಗಳದ ನಾಲ್ಕು ಸಂಪಿಗೆ ಹೂವನ್ನೋ ತೋಟದ ಬಾಳೆಗೊನೆಯ ಒಂದು ಚಿಪ್ಪನ್ನೋ ಒಯ್ಯಬಹುದು.

ಇಷ್ಟು ಹೇಳಿದ ಮೇಲೆ ನಡೆಸುವವರ ಲೋಪಗಳನ್ನು ಬಿಡುವಂತಿಲ್ಲ. ಗ್ರಾಹಕರ ನಡವಳಿಕೆ ಕೆಡಲು ಅರ್ಧ ಕಾರಣ ಅವರೇ. ವಾಹನ ಹೊರಟಿತೆಂಬ ಸುದ್ದಿಯನ್ನು ತಡರಾತ್ರಿ ಹಾಕಿ, ಬೆಳಿಗ್ಗೆ ಏಳಕ್ಕೆ ಬನ್ನಿ ಎಂದರೆ ಕೆಲಸಕ್ಕೆ ಹೋಗುವವರು ಹೊಂದಿಸಿಕೊಳ್ಳುವುದು ಕಷ್ಟ. ಹಿಂದಿನ ಮಧ್ಯಾಹ್ನವೇ ತಿಳಿಸಬಹುದಿತ್ತು. ಹಂಚುವ ಮನೆಯ ಫೋನ್ ಸಂಖ್ಯೆಯನ್ನು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದರಿಂದ ಬುಕ್ಕಿಂಗ್, ಹಣ, ದೂರು ಎಲ್ಲದಕ್ಕೂ ಜನ ಅಲ್ಲಿಗೇ ಕರೆ ಮಾಡುತ್ತಾರೆ. ಯಾವ ವಿಷಯಕ್ಕೆ ಯಾರನ್ನು ಕೇಳಬೇಕೆಂದು ಎರಡು ಸಾಲಿನಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದ್ದರೆ ಆ ಮನೆಯವರ ಅರ್ಧ ತೊಂದರೆ ತಪ್ಪುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ದಿನ ಕಳೆದರೂ ಯಾರೂ ಒಯ್ಯದ ಪೆಟ್ಟಿಗೆಯನ್ನು ಏನು ಮಾಡಬೇಕೆಂಬ ನಿಯಮವೇ ಇಲ್ಲ. ಆ ಪೆಟ್ಟಿಗೆ ಜಗಲಿಯಲ್ಲೇ ಹಣ್ಣಾಗಿ, ಇರುವೆ, ನೊಣಗಳನ್ನು ಕರೆಯತೊಡಗಿದಾಗ ಮನೆಯವರು ಅದನ್ನು ತಿನ್ನಲೂ ಆರರು, ಎಸೆಯಲೂ ಆರರು. ಎರಡನೆಯ ಸಂಜೆ ಎಂಟರ ನಂತರ ಉಳಿದ ಪೆಟ್ಟಿಗೆಯನ್ನು ಬೇಕಾದವರಿಗೆ ಕೊಡಲು ಮನೆಯವರಿಗೆ ಅಧಿಕಾರವಿದೆ, ಹಣ ಹಿಂದಿರುಗುವುದಿಲ್ಲ ಎಂದು ಬುಕ್ಕಿಂಗ್ ವೇಳೆಯಲ್ಲೇ ಬರೆದು ಒಪ್ಪಿಗೆ ಪಡೆಯುವುದು ಅಗತ್ಯ. ಹಂಚಿಕೆಗೆ ಐದರಲ್ಲಿ ಮೂರಕ್ಕಿಂತ ಹೆಚ್ಚು ಕೊಡಲು ಈ ಕಾರಣದಿಂದ ಮನಸ್ಸಾಗುತ್ತಿಲ್ಲ.

ಆಪೂಸು ಮುಗಿದ ಮೇಲೆ, ಜೂನ್ ಹೊತ್ತಿಗೆ, ತಡವಾಗಿ ಬರುವ ಮಲ್ಲಿಕಾ ಮಾವಿಗೂ ಬುಕ್ಕಿಂಗ್ ತೆರೆಯುವುದಾಗಿ ಹೇಳುತ್ತಿದ್ದಾರೆ. ಮಲ್ಲಿಕಾ ಕಾಯಿ ಆಪೂಸಿಗಿಂತ ದೊಡ್ಡದು, ಹಣ್ಣಾಗಲು ಹೆಚ್ಚು ದಿನ ಬೇಕು, ಜೊತೆಗೆ ಅಷ್ಟರಲ್ಲಿ ಮುಂಗಾರು ಹಿಡಿದಿರುತ್ತದೆ. ಆದ್ದರಿಂದ ತರಿಸುವವರು ರಟ್ಟಿನ ಪೆಟ್ಟಿಗೆ ನೆನೆಯದಂತೆ ಮೇಲೆ ಹೊದಿಸಲು ಒಂದು ಪ್ಲಾಸ್ಟಿಕ್ ಹಾಳೆಯನ್ನೂ, ತಳ ಕಳಚಿದರೆ ತುಂಬಿಕೊಳ್ಳಲು ಗಟ್ಟಿಯಾದ ಒಂದು ಚೀಲವನ್ನೂ ತಾವೇ ಒಯ್ಯಬೇಕು. ಒದ್ದೆ ಕೊಡೆಯನ್ನು ಗೇಟಿನ ಬಳಿಯೇ ಮಡಿಸಿ ಹೊರಗಿಡಬೇಕು.