ಹಾಲ್, ಮೂವರ ಕೋಣೆ, ಬಾಡಿಗೆ ಮನೆ: ಡಿಗ್ರಿಯ ಮೊದಲ ವರ್ಷಕ್ಕೆ ಯಾವುದು?

ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಯಾವ ಕಾಲೇಜು ಎಂಬ ಚರ್ಚೆ ಬೇಗ ಮುಗಿಯುತ್ತದೆ. ಉಳಿಯುವುದೆಲ್ಲಿ ಎಂಬುದು ಮಾತ್ರ ಪ್ರವೇಶ ಪಡೆದ ಮೇಲೂ ಬಗೆಹರಿದಿರುವುದಿಲ್ಲ. ನಾನು ಸಿದ್ದಾಪುರ ತಾಲೂಕಿನ ಒಳಭಾಗದ ಹಳ್ಳಿಯವಳು. ಶಿರಸಿಯಲ್ಲಿ ಬಿ.ಎಸ್ಸಿ. ಓದುವಾಗ ಮೊದಲ ವರ್ಷ ಸರ್ಕಾರಿ ವಿದ್ಯಾರ್ಥಿನಿಲಯದ ದೊಡ್ಡ ಹಾಲಿನಲ್ಲಿ, ಎರಡನೆಯ ವರ್ಷ ಖಾಸಗಿ ಹಾಸ್ಟೆಲಿನ ಮೂವರ ಕೋಣೆಯಲ್ಲಿ, ಕೊನೆಯ ವರ್ಷ ಗೆಳತಿಯರೊಂದಿಗೆ ಬಾಡಿಗೆ ಮನೆಯಲ್ಲಿ ಇದ್ದೆ. ಹಾಸ್ಟೆಲಿನ ಆಯ್ಕೆ ಪಟ್ಟಿ ಬರುವವರೆಗೆ ಊರಿನಿಂದಲೇ ಬಸ್ಸಿನಲ್ಲಿ ಓಡಾಡಿದ್ದೂ ಉಂಟು. ಆದ್ದರಿಂದ ಯಾರಾದರೂ ಕೇಳಿದರೆ ನನ್ನ ಉತ್ತರ ಖಚಿತವಾಗಿದೆ: ಮೊದಲ ವರ್ಷಕ್ಕೆ ಹಾಲೇ ಆಗಬೇಕು. ಕೋಣೆ, ಮನೆ ಎಲ್ಲವೂ ಆಮೇಲೆ.

ಬಸ್ಸಿನ ಓಡಾಟದ ಮಾತನ್ನು ಮೊದಲೇ ಮುಗಿಸುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ‘ಹಾಸ್ಟೆಲ್ ಯಾಕೆ, ದಿನಾ ಹೋಗಿ ಬಾ’ ಎನ್ನುವ ಅಪ್ಪಂದಿರು ಹೆಚ್ಚಿದ್ದಾರೆ. ಹಣ ಉಳಿಯುವುದು ನಿಜ. ಆದರೆ ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮನೆ ಸೇರುವ ಹುಡುಗಿ ಪುಸ್ತಕ ತೆರೆಯುವುದು ಯಾವಾಗ? ಪ್ರಾಯೋಗಿಕ ತರಗತಿ ಇರುವ ದಿನ ಅವಳ ಕಣ್ಣು ಉಪಕರಣದ ಮೇಲಿರುವುದಿಲ್ಲ, ಗಡಿಯಾರದ ಮೇಲಿರುತ್ತದೆ. ಮಳೆಗಾಲದಲ್ಲಂತೂ ನಮ್ಮ ಜಿಲ್ಲೆಯ ರಸ್ತೆಗಳನ್ನು ನಂಬುವುದು ಕಷ್ಟ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಕಾಲೇಜಿಗೆ ಹತ್ತಿರದ ಊರಿನವರಾದರೆ ಸರಿ. ದೂರದವರು ಬಸ್ಸನ್ನೇ ಹಾಸ್ಟೆಲ್ ಮಾಡಿಕೊಳ್ಳಬಾರದು.

ಈಗ ಹಾಲ್ ಹೇಗಿರುತ್ತದೆ ನೋಡೋಣ. ಸಾಲು ಮಂಚಗಳು, ಮಂಚದ ಕೆಳಗೆ ಟ್ರಂಕು, ತಲೆಯ ಬಳಿ ಗೋಡೆಗೆ ಒಂದು ಮೊಳೆ. ನಿಮ್ಮದೆನ್ನುವ ಜಾಗ ಅಷ್ಟೇ. ಒಬ್ಬಳು ಕೆಮ್ಮಿದರೆ ಎಲ್ಲರಿಗೂ ಎಚ್ಚರ. ಬೆಳಿಗ್ಗೆ ಸ್ನಾನಕ್ಕೆ ಪಾಳಿ, ಬಕೆಟ್ಟುಗಳನ್ನು ರಾತ್ರಿಯೇ ಸಾಲಿಗೆ ಇಟ್ಟು ಮಲಗುವವರಿದ್ದರು. ಫೋನಿನಲ್ಲಿ ಅಮ್ಮನ ಹತ್ತಿರ ಅಳಬೇಕೆನಿಸಿದರೆ ಮೆಟ್ಟಿಲ ತಿರುವಿಗೇ ಹೋಗಬೇಕು, ಅಲ್ಲಿಯೂ ಯಾರಾದರೂ ಮೊದಲೇ ಕೂತಿರುತ್ತಾರೆ.

ಶಿರಸಿಯ ಜುಲೈ ತಿಂಗಳಿನಲ್ಲಿ ಹಾಲಿನ ದೊಡ್ಡ ಕಷ್ಟ ಬಟ್ಟೆ. ಕಿಟಕಿಯ ಸರಳಿನಿಂದ ಎದುರು ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದೆವು. ಚೂಡಿದಾರದ ಮೈಭಾಗ ಒಣಗಿದಂತೆ ಕಂಡರೂ ಕಂಕುಳ ಹೊಲಿಗೆಯಲ್ಲಿ, ಲಾಡಿ ತೂರಿಸುವ ಪಟ್ಟಿಯಲ್ಲಿ ಪಸೆ ಉಳಿದಿರುತ್ತಿತ್ತು. ಹಾಗೆಯೇ ಹಾಕಿಕೊಂಡು ಹೋದರೆ ಮೊದಲ ತರಗತಿ ಮುಗಿಯುವಷ್ಟರಲ್ಲಿ ಮುಗ್ಗಲು ವಾಸನೆ. ಟ್ರಂಕಿನ ತಳದಲ್ಲಿಟ್ಟ ಚಪ್ಪಲಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಇಸ್ತ್ರಿಪೆಟ್ಟಿಗೆ ಇದ್ದವಳೇ ಆ ತಿಂಗಳಿನಲ್ಲಿ ಹಾಲಿನ ರಾಣಿ.

ಇಷ್ಟೆಲ್ಲ ಹೇಳಿಯೂ ನಾನು ಹಾಲಿನ ಪರವೇ ನಿಲ್ಲುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಹಳ್ಳಿಯಿಂದ ಬಂದ ಮಕ್ಕಳನ್ನು ಕಾಡುವುದು ಜಾಗದ ಕೊರತೆಯಲ್ಲ, ಮನೆಯ ನೆನಪು. ಜೊತೆಗೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷಿನ ವಿಜ್ಞಾನ ಪಿಯುಸಿ ಮುಗಿದ ಮೇಲೂ ಕಷ್ಟವೇ. ತರಗತಿಯಲ್ಲಿ ಏನೂ ತಿಳಿಯದೆ ಬಂದು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರೆ ಹಾಲಿನಲ್ಲಿ ಅದು ಗುಟ್ಟಾಗಿ ಉಳಿಯುವುದಿಲ್ಲ. ‘ಊಟಕ್ಕೆ ಯಾಕೆ ಬಂದಿಲ್ಲ’ ಎಂದು ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ತಟ್ಟೆಯಲ್ಲಿ ಅನ್ನ ಸಾರು ಹಾಕಿಸಿಕೊಂಡೇ ಬರುತ್ತಾಳೆ. ನನಗೆ ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನು ಅರ್ಥ ಮಾಡಿಸಿದವರು ಕೊನೆಯ ವರ್ಷದ ಹಳಿಯಾಳದ ಅಕ್ಕ. ರಾತ್ರಿ ಊಟವಾದ ಮೇಲೆ ಮೆಸ್ಸಿನ ಉದ್ದ ಮೇಜು ಒರೆಸಿ, ಅದರ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂರುತ್ತಿದ್ದರು. ಕರೆಯದಿದ್ದರೂ ಹೋಗಿ ಕೂರಬಹುದಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಯಾವ ಪ್ರಶ್ನೆಗೆ ಎಷ್ಟು ಬರೆಯಬೇಕು ಎಂಬುದನ್ನು ನಾನು ಕಲಿತದ್ದು ಆ ಮೇಜಿನಲ್ಲಿ.

ಊಟ ಸಾಧಾರಣ. ವಾರದ ಪಟ್ಟಿ ಗೋಡೆಯ ಮೇಲಿತ್ತು, ಅದರಂತೆ ಉಪ್ಪಿಟ್ಟು, ಚಿತ್ರಾನ್ನ, ಪಲಾವ್ ಬರುತ್ತಿದ್ದವು. ಕುಮಟಾ, ಹೊನ್ನಾವರದ ಕಡೆಯವರು ಕುಚ್ಚಲಕ್ಕಿ ಅನ್ನ ಮತ್ತು ಮೀನಿಗೆ ಹಂಬಲಿಸಿದರೆ ನಮ್ಮ ಕಡೆಯವರಿಗೆ ತಂಬುಳಿಯ ನೆನಪು. ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಹಾಲಿನಲ್ಲಿ ಒಂದೇ ಊಟಕ್ಕೆ ಖಾಲಿ. ಆದರೆ ಮರುವಾರ ಬೇರೆ ಯಾರದೋ ಬಾಟಲಿ ತೆರೆಯುತ್ತಿತ್ತು. ಹೊತ್ತಿಗೆ ಸರಿಯಾಗಿ ಬೆಂದ ಅನ್ನ ಸಿಗುವುದು ಎಷ್ಟು ದೊಡ್ಡದು ಎಂಬುದು ತಿಳಿಯಲು ಬಾಡಿಗೆ ಮನೆಗೇ ಹೋಗಬೇಕು.

ಎರಡನೆಯ ವರ್ಷ ಮೂವರ ಕೋಣೆ ಹಿಡಿದದ್ದು ಓದಿಗೆ ಮೌನ ಬೇಕೆಂದು. ಮೌನ ಸಿಕ್ಕಿತು. ಸ್ವಂತ ಮೇಜು, ಬೀಗ ಹಾಕುವ ಕಪಾಟು, ಬೇಕೆಂದಷ್ಟು ಹೊತ್ತು ದೀಪ ಎಲ್ಲವೂ ಇತ್ತು. ನನ್ನ ಅಂಕಗಳೂ ಏರಿದವು. ಆದರೆ ಮೂವರಲ್ಲಿ ಇಬ್ಬರು ಜೋಡಿಯಾದರೆ ಮೂರನೆಯವಳು ಒಂಟಿ. ಶನಿವಾರ ಬಂದರೆ ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಾರೆ, ಉಳಿದವಳಿಗೆ ನಾಲ್ಕು ಗೋಡೆ. ನಮ್ಮ ಪಕ್ಕದ ಕೋಣೆಗೆ ಜೊಯಿಡಾ ಕಡೆಯ ಹೊಸ ಹುಡುಗಿ ಬಂದಿದ್ದಳು. ಅವಳ ಜೊತೆಗಾರ್ತಿಯರು ಊರಿಗೆ ಹೋಗಿದ್ದ ವಾರದಲ್ಲಿ ಬಾಗಿಲು ಮುಚ್ಚಿಕೊಂಡು ಕಾಲೇಜಿಗೂ ಹೋಗದೆ ಮಲಗಿಬಿಟ್ಟಿದ್ದಳು. ಜ್ವರವಲ್ಲ, ಏನೂ ಅಲ್ಲ, ಏಳಲು ಮನಸ್ಸಿಲ್ಲ. ಗೋಡೆಯಾಚೆಗಿದ್ದ ನಮಗೆ ಅದು ಗೊತ್ತಾಗಲು ದಿನಗಳೇ ಹಿಡಿದವು. ಸ್ವಲ್ಪ ಕಾಲದಲ್ಲಿ ಅವಳು ಕಾಲೇಜು ಬಿಟ್ಟು ಮನೆಗೆ ಹೋದಳು. ಹಾಲಿನಲ್ಲಿದ್ದಿದ್ದರೆ ಅವಳು ಓದು ಮುಂದುವರಿಸುತ್ತಿದ್ದಳು ಎಂದು ಇವತ್ತಿಗೂ ನಂಬಿದ್ದೇನೆ. ಮೂವರ ಕೋಣೆ ಕೆಟ್ಟದ್ದಲ್ಲ. ಆದರೆ ಗೆಳತಿಯರನ್ನು ಸಂಪಾದಿಸಿದ ಮೇಲೆ ಅವರ ಜೊತೆ ಹೋಗಬೇಕಾದ ಜಾಗ ಅದು, ಗುರುತಿಲ್ಲದ ಇಬ್ಬರ ನಡುವೆ ಹೋಗಿ ಬೀಳುವ ಜಾಗವಲ್ಲ.

ಠೇವಣಿಯ ವಿಷಯ ಒಂದು ಮಾತು. ನಾವಿದ್ದ ಖಾಸಗಿ ಹಾಸ್ಟೆಲಿನಲ್ಲಿ ವರ್ಷದ ನಡುವೆ ಬಿಟ್ಟವರಿಗೆ ಠೇವಣಿ ಮರಳಲಿಲ್ಲ, ಬಣ್ಣದ ಖರ್ಚು ಎಂದು ಕಾರಣ ಕೊಟ್ಟರು. ಹಣ ಕಟ್ಟುವ ಮೊದಲೇ ಷರತ್ತನ್ನು ಬರೆಸಿಕೊಳ್ಳಿ.

ಬಾಡಿಗೆ ಮನೆ ಕೊನೆಯ ವರ್ಷದ ಸುಖ. ಮಾಲೀಕರ ಮನೆಯ ಹಿಂದಿನ ಭಾಗ, ಹಂಚಿನ ಮಾಡು, ಹೊರಗೆ ಬಚ್ಚಲು. ಆ ಬಚ್ಚಲಿನಲ್ಲಿ ಹಂಡೆಯಿತ್ತು, ಹಂಡೆಯ ಕೆಳಗೆ ಕಟ್ಟಿಗೆಯ ಒಲೆ. ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹಾಕಿದರೆ ಎಂಥ ಮಳೆಗೂ ಬೆಳಗಾಗುವಷ್ಟರಲ್ಲಿ ಗರಿಗರಿಯಾಗಿ ಒಣಗುತ್ತಿತ್ತು. ಸ್ವಲ್ಪ ಹೊಗೆಯ ವಾಸನೆ, ಅಷ್ಟೇ. ಹಾಲಿನಲ್ಲಿ ಒಂದು ಮಳೆಗಾಲ ಕಳೆದವರಿಗೆ ಆ ಬೆಚ್ಚನೆಯ ಬಟ್ಟೆಯ ಬೆಲೆ ಗೊತ್ತು.

ಆದರೆ ಆ ಒಲೆಗೆ ಉರಿ ಹಾಕುವವರು ನಾವೇ. ತೆಂಗಿನ ಗರಿ, ಒಣ ಅಡಿಕೆ ಹಾಳೆ ಕೂಡಿಡಬೇಕು, ಗ್ಯಾಸು ಮುಗಿಯುವ ಮೊದಲೇ ಗಮನಿಸಬೇಕು, ಪಾತ್ರೆ ತಿಕ್ಕುವ ಸರದಿಗೆ ಜಗಳವಾಗದಂತೆ ನೋಡಿಕೊಳ್ಳಬೇಕು. ಕರೆಂಟು ಹೋದ ರಾತ್ರಿ ಮೋಂಬತ್ತಿ ನಮ್ಮದೇ. ಪರೀಕ್ಷೆಯ ಹಿಂದಿನ ದಿನವೂ ಯಾರಾದರೊಬ್ಬರು ಅನ್ನಕ್ಕೆ ಇಡಲೇಬೇಕು. ಇನ್ನೊಂದಿದೆ, ಶಿರಸಿಯವರಿಗೆ ಮಾತ್ರ ಅರ್ಥವಾಗುವಂಥದ್ದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಪೇಟೆಯಲ್ಲಿ ಮನೆ ಮಾಡಿಕೊಂಡವರ ಬಾಗಿಲಿಗೆ ಅತ್ತೆ, ಮಾವ, ಅವರ ಮಕ್ಕಳು ಎಲ್ಲರೂ ಬಂದಿಳಿಯುತ್ತಾರೆ. ಬೇಡವೆನ್ನಲು ಸಾಧ್ಯವೇ? ಸಂತೋಷದಿಂದಲೇ ಹಾಸಿಗೆ ಹಾಸಿಕೊಟ್ಟೆವು, ಆ ವಾರ ಪುಸ್ತಕ ಮುಟ್ಟಲಿಲ್ಲ. ಹಾಸ್ಟೆಲಿನಲ್ಲಿದ್ದರೆ ಇಂಥ ಮಾತೇ ಇಲ್ಲ. ಹದಿನೆಂಟರ ಹೊಸ ವಿದ್ಯಾರ್ಥಿಗೆ ಓದಿನ ಜೊತೆ ಸಂಸಾರವನ್ನೂ ಹೊರಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಡುಗೆ ಬರುತ್ತದೆ ಎನ್ನುವ ಹುಡುಗಿಯರ ವಿಷಯದಲ್ಲಂತೂ ಹೆಚ್ಚು, ಏಕೆಂದರೆ ಬರುವವಳ ತಲೆಗೇ ಎಲ್ಲವೂ ಬೀಳುತ್ತದೆ.

ಹಣದ ಲೆಕ್ಕದಲ್ಲಿಯೂ ಸರ್ಕಾರಿ ನಿಲಯಕ್ಕೆ ಸಾಟಿಯಿಲ್ಲ, ಅಲ್ಲಿ ಊಟ ವಸತಿ ಉಚಿತ. ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಿದೆ. ನಾವು ಓದುವಾಗ ಅದರಲ್ಲಿ ತಿಂಗಳಿಗೆ ₹1500ರಂತೆ 10 ತಿಂಗಳ ಸಹಾಯಧನ ಇತ್ತು. ಮೂವರು ಸೇರಿ ಹಿಡಿದ ಮನೆಗೆ ಅದು ಒಳ್ಳೆಯ ಆಸರೆ, ಖಾಸಗಿ ಹಾಸ್ಟೆಲಿನ ಶುಲ್ಕಕ್ಕೆ ಸಾಲದು. ಎರಡಕ್ಕೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದರ ಮೇಲಿನ ಆರ್‌ಡಿ ಸಂಖ್ಯೆಯಿಲ್ಲದೆ ಆನ್‌ಲೈನ್ ಅರ್ಜಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಪಿಯುಸಿ ಫಲಿತಾಂಶಕ್ಕೆ ಕಾಯದೆ ನಾಡಕಚೇರಿಗೆ ಹೋಗಿ ಬನ್ನಿ.

ಕಾರವಾರದ ಲೆಕ್ಕ ಸ್ವಲ್ಪ ಬೇರೆ. ನನ್ನ ಅಕ್ಕನ ಮಗಳು ಈ ವರ್ಷ ಅಲ್ಲಿಗೆ ಹೊರಟಿದ್ದರಿಂದ ಊರೆಲ್ಲ ಸುತ್ತಿ ಬಂದೆವು. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎರಡರ ನೌಕರರೂ ಮನೆ ಹುಡುಕುವ ಊರಾದ್ದರಿಂದ ವಿದ್ಯಾರ್ಥಿಗಳ ಕೈಗೆಟುಕುವ ಬಾಡಿಗೆಗೆ ಮನೆ ಸಿಗುವುದು ಕಷ್ಟ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಸೇರುವವರು ಪೇಟೆಯಲ್ಲಿ ಉಳಿದರೆ ದಿನವೂ ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿಯ ಹಳೆಯ ಸೇತುವೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಅಂಥವರು ನದಿಯ ಆಚೆಗೇ, ಕಾಲೇಜಿನ ಹತ್ತಿರವೇ ಉಳಿಯುವ ವ್ಯವಸ್ಥೆ ನೋಡಿಕೊಳ್ಳಲಿ.

ನಮ್ಮ ಹುಡುಗಿಗೆ ಇಬ್ಬರ ಕೋಣೆ ಇಷ್ಟವಾಗಿತ್ತು, ಸ್ನಾನಗೃಹ ಜೋಡಿಸಿದ್ದು, ಕಿಟಕಿಗೆ ಪರದೆ. ‘ಚಿಕ್ಕಮ್ಮ, ಇಲ್ಲಿ ಯಾರ ಕಾಟವೂ ಇಲ್ಲ’ ಎಂದಳು. ನಾನು ಅವಳನ್ನು ವಿದ್ಯಾರ್ಥಿನಿಲಯಕ್ಕೆ ಕರೆದುಕೊಂಡು ಹೋದೆ. ನಿಲಯಪಾಲಕಿಯನ್ನು ಮಾತನಾಡಿಸಿದ್ದು ಆಮೇಲೆ, ಮೊದಲು ಕೇಳಿದ್ದು ಕೊನೆಯ ವರ್ಷದ ಹುಡುಗಿಯರನ್ನು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೆಲ್ಲಿ, ಏಪ್ರಿಲ್‌ನಲ್ಲಿ ನೀರು ಬರುತ್ತದೆಯೇ, ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಊಟದ ಮೇಲೆ ಓದಲು ಕೂರುವುದೆಲ್ಲಿ. ನಾಲ್ಕಕ್ಕೂ ನೇರ ಉತ್ತರ ಸಿಕ್ಕಿತು. ಅಕ್ಕ ಅಲ್ಲಿಯೇ ನಿಂತು ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಬರೆದುಕೊಂಡಳು. ಎರಡನೆಯ ವರ್ಷಕ್ಕೆ ಹುಡುಗಿಗೆ ಕೋಣೆ ಬೇಕೆನಿಸಿದರೆ ಅದರ ಖರ್ಚು ನನ್ನದು ಎಂದು ಮಾತು ಕೊಟ್ಟಿದ್ದೇನೆ, ಜೊತೆಗಾರ್ತಿಯನ್ನು ಅವಳೇ ಆರಿಸಿಕೊಂಡಿರಬೇಕು ಎಂಬ ಷರತ್ತಿನೊಂದಿಗೆ.